ಗುಜರಿಯ ಫ್ಯಾನು ಮತ್ತು ತೆಳುಪದರದ ವಿಜ್ಞಾನ
(ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೆ ವಿಜ್ಞಾನದ ಉಸಾಬರಿ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. "ಸೈನ್ಸ್ ನಮಗಲ್ಲ ಸರ್, ಅದಕ್ಕೆ ದುಡ್ಡು ಬೇಕು" ಎಂಬ ಮಾತನ್ನು ಎಸ್ಸೆಸ್ಸೆಲ್ಸಿ ಮಕ್ಕಳ ಬಾಯಲ್ಲಿ ಎರಡೂ ಭಾಷೆಯಲ್ಲಿ ಕೇಳುವವನು ನಾನು. ಆ ಮಾತು ಎಷ್ಟು ನಿಜ ಎಂದು ಒಂದೇ ವಿಷಯ ಹಿಡಿದು ನೋಡೋಣ.

ಹಿರಿಯೂರಿನಿಂದ ಪೂರ್ವಕ್ಕೆ ಹೋದರೆ ಪಾವಗಡದ ಸೋಲಾರ್ ಪಾರ್ಕ್. ಸೋಲಾರ್ ಫಲಕಗಳು ನೀಲಿಯಾಗಿ ಕಾಣುವುದೇಕೆ? ಸಿಲಿಕಾನ್‌ನ ಬಣ್ಣ ಬೂದು. ಅದರ ಮೇಲೆ ಸುಮಾರು 75ರಿಂದ 80 ನ್ಯಾನೋಮೀಟರ್ ದಪ್ಪದ ಸಿಲಿಕಾನ್ ನೈಟ್ರೈಡ್ ಲೇಪನವಿರುತ್ತದೆ. ಬಿದ್ದ ಬೆಳಕು ವಾಪಸು ಹೋಗದಂತೆ ತಡೆಯುವುದು ಅದರ ಕೆಲಸ. ಇಂಥದಕ್ಕೆ ತೆಳುಪದರ ಎನ್ನುತ್ತಾರೆ.

ಇದು ನಮಗೆ ಹೊಸದೇನಲ್ಲ. ಬೀದಿಯಲ್ಲಿ ತಿದಿ ಒತ್ತುತ್ತ ಕೂರುತ್ತಿದ್ದ ಕಲಾಯಿಯವರನ್ನು ನಿಮ್ಮ ಅಜ್ಜಿಯರು ಬಲ್ಲರು. ತಾಮ್ರದ ಪಾತ್ರೆಯನ್ನು ಉಜ್ಜಿ ಶುಚಿ ಮಾಡಿ, ಕಾಯಿಸಿ, ನವಸಾಗರ ಉದುರಿಸಿ, ಕರಗಿದ ತವರವನ್ನು ಅರಳೆಯಿಂದ ಸರ್ರನೆ ಒರೆಸುತ್ತಿದ್ದರು. ಕಿಲುಬು ಹೋಗಿ ಪಾತ್ರೆ ಬೆಳ್ಳಗಾಗುತ್ತಿತ್ತು. ಶುಚಿ ಮಾಡು, ತೆಳ್ಳಗೆ ಹರಡು, ಶಾಖ ಕೊಡು: ಪ್ರಯೋಗಾಲಯದಲ್ಲೂ ಬಹಳಷ್ಟು ಕಡೆ ನಡೆಯುವುದು ಇದೇ. ಆ ಕಸುಬುದಾರರನ್ನು ಯಾರೂ ವಿಜ್ಞಾನಿ ಎಂದು ಕರೆಯಲಿಲ್ಲ, ಅಷ್ಟೆ.

ನಿರ್ವಾತದಲ್ಲಿ ಲೋಹವನ್ನು ಆವಿ ಮಾಡಿ ಲೇಪಿಸುವ ಯಂತ್ರ ಶಾಲೆಯ ಕೈಗೆ ಎಟುಕದು, ನಿಜ. ಅಲ್ಲಿ ಒತ್ತಡವನ್ನು ವಾಯುಭಾರದ ಹತ್ತು ಕೋಟಿಯಲ್ಲೊಂದು ಪಾಲಿಗೆ ಇಳಿಸಬೇಕಾಗುತ್ತದೆ. ಅಂಥ ಯಂತ್ರವನ್ನೂ ನಮ್ಮ ಬೆಂಗಳೂರಿನಲ್ಲಿ 1965ರಲ್ಲಿ ಆರಂಭವಾದ ಹಿಂದ್ ಹೈ ವ್ಯಾಕ್ಯೂಮ್ ಕಂಪನಿ ಇಲ್ಲೇ ತಯಾರಿಸಿ ದೇಶದ ವಿಶ್ವವಿದ್ಯಾಲಯಗಳಿಗೆ ಕೊಟ್ಟಿತು.

ನಮಗೆ ಸಾಧ್ಯವಾಗುವುದು ದ್ರವದ ಲೇಪನ. ನಮ್ಮವರ ಗುಜರಿ ಅಂಗಡಿಗಳಲ್ಲಿ ಹಳೆಯ ಕಂಪ್ಯೂಟರ್ ಬಿದ್ದಿರುತ್ತವೆ. ಅದರ 12 ವೋಲ್ಟ್ ಫ್ಯಾನನ್ನು ಆಳವಾದ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಬಿಗಿಯಿರಿ. ನಡುಭಾಗಕ್ಕೆ ಎರಡು ಬದಿಯ ಟೇಪಿನಿಂದ ಗಾಜಿನ ಚಿಕ್ಕ ಚೂರು ಅಂಟಿಸಿ. ನೀರು ಬೆರೆಸಿದ ಗೋಂದನ್ನು ಎರಡು ಹನಿ ಹಾಕಿ, ಡಬ್ಬಿಯ ಮುಚ್ಚಳ ಭದ್ರಪಡಿಸಿ, ಆಮೇಲೆ ಸ್ವಿಚ್ ಒತ್ತಿ. ಇದೇ ಸ್ಪಿನ್ ಕೋಟರ್. ವೇಗ ನಾಲ್ಕು ಪಟ್ಟಾದರೆ ಪದರದ ದಪ್ಪ ಸುಮಾರು ಅರ್ಧಕ್ಕಿಳಿಯುತ್ತದೆ.

ಇನ್ನೊಂದು ವಿಧಾನ ನನಗೆ ಹೆಚ್ಚು ಇಷ್ಟ, ಮೋಟಾರೇ ಬೇಡ. ತಳದಲ್ಲಿ ತೂತಿರುವ ಡಬ್ಬಿಗೆ ಆಸ್ಪತ್ರೆಯ ಡ್ರಿಪ್ ನಳಿಕೆ ಜೋಡಿಸಿ (ಮೆಡಿಕಲ್ ಶಾಪಿನ ಹೊಸದೇ ಇರಲಿ, ಬಳಸಿದ್ದು ಬೇಡ). ಗಾಜನ್ನು ದ್ರವದೊಳಗೆ ತೂಗುಬಿಟ್ಟು, ನಳಿಕೆಯ ಚಕ್ರ ಸಡಿಲಿಸಿ ದ್ರವವನ್ನು ಮೆಲ್ಲಗೆ ಇಳಿಸಿ. ಗಾಜು ಅಲುಗುವುದೇ ಇಲ್ಲ. ಇಲ್ಲಿ ಲೆಕ್ಕ ತಿರುವುಮುರುವು: ಬೇಗ ಇಳಿಸಿದರೆ ಪದರ ದಪ್ಪ, ನಿಧಾನಿಸಿದರೆ ತೆಳು. ಏಕೆ ಹೀಗೆ ಎಂದು ನಿಮ್ಮ ಭೌತಶಾಸ್ತ್ರದ ಮೇಷ್ಟ್ರನ್ನು ಬಿಡದೆ ಕೇಳಿ.

ದಪ್ಪ ಅಳೆಯುವುದು ಹೇಗೆ? ಮಿಲಿಗ್ರಾಂ ತೋರಿಸುವ ಚಿನ್ನದ ತಕ್ಕಡಿ ಸಿಕ್ಕರೆ ಸಾಕು. ಸೂಕ್ಷ್ಮದರ್ಶಕದ ಸ್ಲೈಡಿನ ಎರಡು ಮುಖ ಸೇರಿ 37.5 ಚದರ ಸೆಂಟಿಮೀಟರ್. ಲೇಪಿಸಿ ಒಣಗಿದ ಮೇಲೆ ತೂಕ 15 ಮಿಲಿಗ್ರಾಂ ಹೆಚ್ಚಿದ್ದರೆ, ಸಾಂದ್ರತೆ 1 ಎಂದಿಟ್ಟುಕೊಂಡಾಗ ದಪ್ಪ 4 ಮೈಕ್ರಾನ್. ಒಂದು ಭಾಗಾಕಾರ, ಅಷ್ಟೇ.

ನಮ್ಮ ಜಿಲ್ಲೆಯ ಕುದಾಪುರದಲ್ಲಿ, ಚಳ್ಳಕೆರೆಯ ಹತ್ತಿರವೇ, ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಲ್ಲಿ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳ ತರಬೇತಿ ಕೊಡುತ್ತಾರೆ. ನಮ್ಮ ಸಂಘದ ಹಿರಿಯರಲ್ಲಿ ನನ್ನ ವಿನಂತಿ: ಬಹುಮಾನದ ಸ್ಟೀಲ್ ತಟ್ಟೆಗಳ ಖರ್ಚಿನಲ್ಲಿ ಸ್ವಲ್ಪ ಉಳಿಸಿ ತಾಲ್ಲೂಕಿಗೊಂದು ತಕ್ಕಡಿ ಕೊಡಿಸಿ.

ವಿದ್ಯಾರ್ಥಿಗಳೇ, ಮಾಡುವಾಗ ಕನ್ನಡಕ ಹಾಕಿಕೊಳ್ಳಿ. ಥಿನ್ನರ್, ಪೆಟ್ರೋಲ್ ಬೇಡ, ನೀರಿನಲ್ಲಿ ಕರಗುವುದನ್ನೇ ಬಳಸಿ. ಪ್ರತಿ ಸಲದ ವೇಗವನ್ನೂ ತೂಕವನ್ನೂ ಬರೆದಿಡಿ, ಕೆಟ್ಟುಹೋದ ಪ್ರಯೋಗದ್ದನ್ನೂ.