ಪೂರ್ವಾಚಾರನಿಷ್ಠ ವಿದ್ಯಾರ್ಥಿಯೂ ರಾಜಕಾರಣವೂ



ವಿದ್ಯಾರ್ಥಿಯು ರಾಜಕಾರಣದಲ್ಲಿ ಕೈಯಿಡಬೇಕೋ ಬಾರದೋ ಎಂಬುದು ಹಳೆಯ ಪ್ರಶ್ನೆಯು. ಇದಕ್ಕೆ ತಂದೆತಾಯಿಗಳು ಒಂದು ಉತ್ತರವನ್ನೂ, ಪಕ್ಷಗಳ ಮುಂದಾಳುಗಳು ಇನ್ನೊಂದು ಉತ್ತರವನ್ನೂ ಕೊಡುತ್ತ ಬಂದಿರುವರು. ವಿದ್ಯಾರ್ಥಿಯನ್ನೇ ಕೇಳಿದವರು ಸ್ವಲ್ಪ. ಅದರಲ್ಲಿಯೂ ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಇಷ್ಟಲಿಂಗ, ಮನದಲ್ಲಿ ಹಿರಿಯರ ಭಯಭಕ್ತಿ ಇವುಗಳನ್ನಿಟ್ಟುಕೊಂಡು ಕಾಲೇಜಿಗೆ ಹೋಗುವ ಹುಡುಗನನ್ನಂತೂ ಯಾರೂ ಕೇಳುವದಿಲ್ಲ. ಅವನು ಹಳಬನೆಂದು ಕೆಲವರು ನಗುವರು. ಒಳ್ಳೆಯವನೆಂದು ಕೆಲವರು ಬೆನ್ನು ತಟ್ಟಿ ಸುಮ್ಮನಾಗುವರು. ಸಿದ್ದಾಪುರ, ಕಾರಟಗಿ, ಗಂಗಾವತಿಗಳ ಸೀಮೆಯಲ್ಲಿ ಇಂಥ ಹುಡುಗರು ಅನೇಕರಿದ್ದಾರೆ. ಅವರ ಮಾತಿನಲ್ಲಿ ನಿಜವೆಷ್ಟು, ಕೊರತೆಯೆಷ್ಟು ಎಂಬುದನ್ನು ವಿಚಾರಿಸುವದು ಈ ಭಾಷಣದ ಉದ್ದೇಶವಾಗಿದೆ.

ಆತನು ಹೇಳುವದೇನು? ಗುರುವಿನಲ್ಲಿ ಗೌರವವು ಹೋಯಿತು. ವಿದ್ಯೆಯು ಪರೀಕ್ಷೆಯ ಅಂಕಗಳಾಗಿ ಉಳಿಯಿತು. ತಾಯ್ನುಡಿಯನ್ನು ಬಲ್ಲವನು ಇಂಗ್ಲಿಷ್ ಬಲ್ಲವನ ಮುಂದೆ ತಲೆ ತಗ್ಗಿಸುವಂತಾಯಿತು. ಕಾಲೇಜುಗಳಲ್ಲಿ ಹೊಕ್ಕ ರಾಜಕಾರಣವೆಂಬುದು ಹೊರಗಿನ ಪಕ್ಷಗಳ ಬಾವುಟ ಹೊರುವ ಕೂಲಿಯಲ್ಲದೆ ಬೇರೆಯಲ್ಲ. ಆದುದರಿಂದ ವಿದ್ಯಾರ್ಥಿಯು ಓದಲಿ, ರಾಜಕಾರಣವನ್ನು ದೊಡ್ಡವರು ನೋಡಿಕೊಳ್ಳಲಿ. ಇದು ಆತನ ಸಿದ್ಧಾಂತವು. ಇದರ ಮೊದಲ ಭಾಗವನ್ನು ಅಲ್ಲಗಳೆಯುವದು ಕಷ್ಟ. ಕೊನೆಯ ವಾಕ್ಯವನ್ನು ಮಾತ್ರ ಈ ನಾಡಿನ ಇತಿಹಾಸದೊಡನೆ ಹೊಂದಿಸಿ ನೋಡತಕ್ಕದ್ದು.

ಹಿಂದಿನ ಕಾಲದ ಸಾಲಿಯನ್ನು ಆತನು ಬಹಳ ಹೊಗಳುವನು. ಹೊಗಳಿಕೆಗೆ ಕಾರಣವೂ ಉಂಟು. ಉತ್ತರ ಕರ್ನಾಟಕದ ಜಂಗಮ ಮನೆತನಗಳಲ್ಲಿ ‘ಸಾಲಿಮಠ’ ಎಂಬ ಅಡ್ಡಹೆಸರು ಇಂದಿಗೂ ಇದೆ. ಸಾಲಿಯೆಂದರೆ ಶಾಲೆಯು. ಸರಕಾರದ ಶಾಲೆಗಳು ಇಲ್ಲದಿದ್ದಾಗ ಊರ ಅಯ್ಯನವರ ಪಡಸಾಲೆಯೇ ಶಾಲೆಯಾಗಿತ್ತೆಂಬುದಕ್ಕೆ ಆ ಹೆಸರೇ ಸಾಕ್ಷಿ. ಮರಳಿನ ಮೇಲೆ ಅಕ್ಷರ ತೀಡುವದು, ಮಗ್ಗಿ ಒಪ್ಪಿಸುವದು, ಪುರಾಣ ಓದುವದು, ಸುಗ್ಗಿಯಲ್ಲಿ ಗುರುವಿಗೆ ಕಾಳು ಅಳೆಯುವದು — ಇಷ್ಟರಿಂದಲೇ ಎಷ್ಟೋ ಊರುಗಳಲ್ಲಿ ಕನ್ನಡವು ಉಳಿಯಿತು. ಆದರೆ ಹೊಗಳುವವನು ಇನ್ನೊಂದನ್ನೂ ನೆನೆಯಬೇಕು: ಆ ಪಡಸಾಲೆಯಲ್ಲಿ ಹೆಣ್ಣುಮಕ್ಕಳು ಬಹುಮಟ್ಟಿಗೆ ಇರಲಿಲ್ಲ; ಊರ ಹೊರಗಿನ ಕೇರಿಯ ಮಕ್ಕಳಂತೂ ಹೊಸ್ತಿಲ ಹತ್ತಿರ ಸಹ ಬರುವಂತಿರಲಿಲ್ಲ. ಅನುಭವಮಂಟಪದ ಪರಂಪರೆಯವರೆಂದು ಹೇಳಿಕೊಳ್ಳುವವರಿಗೆ ಇದು ಸಣ್ಣ ಮಾತಲ್ಲ.

ಇನ್ನು ನಿಜಾಮರ ಕಾಲಕ್ಕೆ ಬರುವ. ಗಂಗಾವತಿ ಸೀಮೆಯು ರಾಯಚೂರು ಜಿಲ್ಲೆಯಲ್ಲಿದ್ದಿತು; ಕೊಪ್ಪಳ ಯಲಬುರ್ಗಿಗಳು ಸಾಲಾರಜಂಗರ ಜಹಗೀರು. ಇತ್ತ ತುಂಗಭದ್ರೆಯನ್ನು ದಾಟಿದರೆ ಕಂಪ್ಲಿ, ಅದು ಮದರಾಸು ಇಲಾಖೆ. ಅತ್ತ ಮುಂಡರಗಿ ಗದಗಗಳು ಮುಂಬಯಿ ಇಲಾಖೆ. ಒಂದೇ ನುಡಿಯ ಜನರು ಮೂರು ಸರಕಾರಗಳಲ್ಲಿ ಹಂಚಿಹೋಗಿದ್ದರು. ಧಾರವಾಡದಲ್ಲಿ 1883ರಲ್ಲಿಯೇ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಹುಟ್ಟಿತು; ಬೆಳಗಾವಿಯಲ್ಲಿ 1916ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಕಣ್ಣು ತೆರೆಯಿತು. ಹೊಳೆಯ ಈಚೆಯವರಿಗೆ ಆ ಭಾಗ್ಯವು ಬೇಗ ಬರಲಿಲ್ಲ. ಇಲ್ಲಿ ಖಾಸಗಿ ಶಾಲೆಯನ್ನು ತೆರೆಯಬೇಕಾದರೆ ಸರಕಾರದ ಅಪ್ಪಣೆಯು ಬೇಕು. ‘ಗಸ್ತಿ ನಿಶಾನ್ 53’ ಎಂಬ ಕಾಯಿದೆಯ ಮೇರೆಗೆ ಸಭೆ ಸೇರಿಸಲಿಕ್ಕೂ ಅಪ್ಪಣೆಯು ಬೇಕು. ಕೆಳಗಿನ ತರಗತಿಗಳಲ್ಲಿ ಕನ್ನಡಕ್ಕೆ ಎಡೆಯಿದ್ದರೂ ಮೇಲೆ ಹೋದಂತೆ ಉರ್ದುವೇ ಕಲಿಕೆಯ ಭಾಷೆಯಾಗುತ್ತಿತ್ತು. ಗುಲ್ಬರ್ಗೆಯಲ್ಲಿ ಇಂಟರ್‌ಮೀಡಿಯೇಟ್ ಮುಗಿಸಿದವನು ಪದವಿಗಾಗಿ ಹೈದರಾಬಾದಿಗೆ ಹೋಗಬೇಕಾಗಿತ್ತು. ಮನೆಯಲ್ಲಿ ಕನ್ನಡ, ಮಠದಲ್ಲಿ ಸಂಸ್ಕೃತ, ಶಾಲೆಯಲ್ಲಿ ಉರ್ದು, ಇವುಗಳ ನಡುವೆ ಹುಡುಗನು ಏದುಸಿರು ಬಿಡುತ್ತಿದ್ದನು.

ಇಲ್ಲಿ ನಿಷ್ಪಕ್ಷಪಾತದಿಂದ ಒಂದು ಮಾತನ್ನು ಒಪ್ಪಲೇಬೇಕು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ದೇಶೀಯ ಭಾಷೆಯೊಂದರಲ್ಲಿ ಉಚ್ಚ ಶಿಕ್ಷಣವನ್ನು ಕೊಡುವ ಸಾಹಸವನ್ನು ಮಾಡಿತು. ವೈದ್ಯ ಗ್ರಂಥಗಳನ್ನು ಕೂಡ ಉರ್ದುವಿಗೆ ತಂದರು. ದೇಶಭಾಷೆಯಲ್ಲಿ ದೊಡ್ಡ ವಿದ್ಯೆಯು ಆಗದೆಂದು ಇಂದಿಗೂ ಹೇಳುವವರಿಗೆ ಇದಕ್ಕಿಂತ ದೊಡ್ಡ ಉತ್ತರವಿಲ್ಲ. ದೋಷವು ಉರ್ದುವಿನದಲ್ಲ, ಕನ್ನಡ, ತೆಲುಗು, ಮರಾಠಿ ಮಾತಾಡುವ ಬಹುಜನರ ಮೇಲೆ ಅದನ್ನೊಂದನ್ನೇ ಹೇರಿದುದು ದೋಷವು. ಹಾಗೆ ಹೇರಿದುದು ಪಾಠಶಾಲೆಯ ತೀರ್ಮಾನವಲ್ಲ, ದರಬಾರಿನ ತೀರ್ಮಾನವು. ರಾಜಕಾರಣವನ್ನು ದೊಡ್ಡವರು ನೋಡಿಕೊಳ್ಳಲಿ ಎಂದವನ ಪಾಠದ ಹಲಗೆಯ ಮೇಲೆ ಯಾವ ಅಕ್ಷರವಿರಬೇಕೆಂಬುದನ್ನು ಆ ದೊಡ್ಡವರೇ ನಿಶ್ಚಯಿಸಿದರು.

1938ನೆಯ ಇಸವಿಯ ಕೊನೆಯಲ್ಲಿ ನಡೆದುದನ್ನು ಹಿರಿಯರು ಬಲ್ಲರು, ಕಿರಿಯರು ಕೇಳಿರಲಿಕ್ಕಿಲ್ಲ. ಔರಂಗಾಬಾದು, ಹೈದರಾಬಾದುಗಳ ವಿದ್ಯಾರ್ಥಿನಿಲಯಗಳಲ್ಲಿ ಹುಡುಗರು ಪ್ರಾರ್ಥನೆಯಲ್ಲಿ ವಂದೇ ಮಾತರಂ ಹಾಡಿದರು. ಹಾಡಕೂಡದೆಂದು ಅಪ್ಪಣೆಯಾಯಿತು. ಹುಡುಗರು ಬಿಡಲಿಲ್ಲ, ಹೊರಗೆ ಹಾಕಲ್ಪಟ್ಟರು. ಮುಷ್ಕರವು ಗುಲ್ಬರ್ಗೆಗೂ ಹಬ್ಬಿತು. ಅವರಲ್ಲಿ ಕೂಗುಮಾರಿಗಳು ಸ್ವಲ್ಪ, ಪ್ರಾರ್ಥನೆ ಮಾಡುವ ಹುಡುಗರು ಬಹಳ. ಈಗಿನವರು ಯಾರನ್ನು ಸಂಪ್ರದಾಯಸ್ಥನೆನ್ನುವರೋ ಅಂಥವನೇ ಆ ದಿನ ಬೀದಿಗೆ ಬಿದ್ದನು. ಹೊರಬಿದ್ದವರು ಓದನ್ನು ಬಿಟ್ಟರೇ? ಇಲ್ಲ. ನಾಗಪುರ ವಿಶ್ವವಿದ್ಯಾಲಯವು ಬಾಗಿಲು ತೆರೆಯಿತು. ಅನೇಕರು ಅಲ್ಲಿಗೆ ಹೋಗಿ ಓದು ಮುಗಿಸಿದರು. 1991ರಲ್ಲಿ ಭಾರತದ ಪ್ರಧಾನಮಂತ್ರಿಗಳಾದ ಪಿ. ವಿ. ನರಸಿಂಹರಾಯರು ಆ ದಾರಿಯಲ್ಲಿ ಹೋದವರಲ್ಲಿ ಒಬ್ಬರು.

ಇದರಂತೆಯೇ ಸ್ವಾಮಿ ರಮಾನಂದ ತೀರ್ಥರ ಜೀವನವನ್ನು ನೋಡತಕ್ಕದ್ದು. ಸಿಂದಗಿಯಲ್ಲಿ 1903ರಲ್ಲಿ ಹುಟ್ಟಿದ ಅವರು ಹಿಪ್ಪರಗಿಯಲ್ಲಿಯೂ ಮೋಮಿನಾಬಾದಿನಲ್ಲಿಯೂ ವರ್ಷಗಟ್ಟಲೆ ಹುಡುಗರಿಗೆ ಪಾಠ ಹೇಳಿದ ಮಾಸ್ತರರು, ಕಾವಿಯನ್ನುಟ್ಟ ಸನ್ಯಾಸಿಗಳು. 1938ರಲ್ಲಿ ಅವರು ಸ್ಟೇಟ್ ಕಾಂಗ್ರೆಸ್ಸಿಗೆ ಇಳಿದರು. ಆ ಸಂಸ್ಥೆಯಾದರೋ ಹುಟ್ಟುವ ಮೊದಲೇ ನಿಷೇಧಿಸಲ್ಪಟ್ಟಿತ್ತು. ಒಬ್ಬ ಉಪಾಧ್ಯಾಯನು ಖಡುವಿನ ಸುಣ್ಣವನ್ನು ಕೈಯಿಂದ ಒರೆಸಿಕೊಂಡು ಸೆರೆಮನೆಗೆ ನಡೆದುದು ಶಿಕ್ಷಣದ ಮೇಲಿನ ತಿರಸ್ಕಾರದಿಂದಲ್ಲ. 1947-48ರಲ್ಲಿ ಹೈದರಾಬಾದು ಭಾರತದಲ್ಲಿ ಸೇರಬೇಕೆಂಬ ಹೋರಾಟವು ನಡೆದಾಗ ಈ ಸೀಮೆಯ ಎಷ್ಟೋ ತರುಣರು ಮುಂಡರಗಿಯ ಶಿಬಿರಕ್ಕೆ ಹೋಗಿ ಅಳವಂಡಿಯ ಶಿವಮೂರ್ತಿಸ್ವಾಮಿಗಳ ನೇತೃತ್ವದಲ್ಲಿ ನಿಂತರು. 1948ನೆಯ ಸಪ್ಟೆಂಬರ 17ಕ್ಕೆ ನಿಜಾಮ ಸರಕಾರವು ಶರಣಾಯಿತು.

ಹಾಗಾದರೆ ಓದನ್ನೇ ಹಿಡಿದು ಕುಳಿತವನು ಹೇಡಿಯೋ? ಹಾಗೆನ್ನುವದು ಅನ್ಯಾಯವಾದೀತು. ಯಲಬುರ್ಗಿ ತಾಲೂಕಿನ ದ್ಯಾಂಪುರದ ಪುರಾಣಿಕ ಮನೆತನವೊಂದೇ ಇದಕ್ಕೆ ಸಾಕಾದ ನಿದರ್ಶನವು. ಪುರಾಣ ಹೇಳುವ ವಿದ್ವಾಂಸರ ಮನೆ. 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಉರ್ದುವಿನಲ್ಲಿ ಓದಿ, ಉಸ್ಮಾನಿಯಾದ ಪದವಿ ಪಡೆದು, ಹೈದರಾಬಾದು ಸಿವ್ಹಿಲ್ ಸರ್ವಿಸ್ ಸೇರಿದರು; ಮುಂದೆ ಕರ್ನಾಟಕದ ದೊಡ್ಡ ಅಧಿಕಾರಿಗಳಾದರು. ಉರ್ದುವು ಅವರ ಕನ್ನಡವನ್ನು ನುಂಗಲಿಲ್ಲ. ‘ಕಾವ್ಯಾನಂದ’ರೆಂದು ಕನ್ನಡಿಗರು ಅವರನ್ನು ಬಲ್ಲರು, 1987ರಲ್ಲಿ ಗುಲ್ಬರ್ಗೆಯ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷ ಪೀಠದಲ್ಲಿ ಕುಳಿತವರು ಅವರೇ. ಅವರ ತಮ್ಮಂದಿರಾದ ಅನ್ನದಾನಯ್ಯ ಪುರಾಣಿಕರು ವಿದ್ಯಾರ್ಥಿದೆಸೆಯಲ್ಲಿಯೇ ನಿಜಾಮರ ಆಳಿಕೆಯ ವಿರುದ್ಧ ಚಳವಳಿಯಲ್ಲಿ ಇಳಿದು, ಬಳಿಕ ವಕೀಲರಾದರು. ಒಂದೇ ಮನೆ, ಒಂದೇ ಸಂಸ್ಕಾರ, ದಾರಿ ಎರಡು. ಇವರಲ್ಲಿ ಒಬ್ಬರನ್ನು ಎತ್ತಿ ಇನ್ನೊಬ್ಬರನ್ನು ಇಳಿಸುವ ಅಧಿಕಾರವು ಯಾರಿಗೂ ಇಲ್ಲ. ಅಣ್ಣನ ದಾರಿಯಲ್ಲಿ ಭಾಷೆಯು ಬೆಳೆಯಿತು, ತಮ್ಮನ ದಾರಿಯಲ್ಲಿ ನಾಡು ಬಿಡುಗಡೆಯಾಯಿತು.

ಕಾರಣ ಪ್ರಶ್ನೆಯನ್ನೇ ಬದಲಿಸಿ ಕೇಳುವದು ಯುಕ್ತವು. ರಾಜಕಾರಣವೋ ಓದೋ ಎಂದು ಕೇಳುವದಕ್ಕಿಂತ, ಆರಿಸಿಕೊಂಡವರು ಯಾರು, ಬೆಲೆ ತೆತ್ತವರು ಯಾರು ಎಂದು ಕೇಳಬೇಕು. 1938ರ ಹುಡುಗನು ತಾನೇ ಆರಿಸಿಕೊಂಡನು, ತಾನೇ ಬೆಲೆ ತೆತ್ತನು. ಆ ಬೆಲೆಯನ್ನು ತೆತ್ತ ಮೇಲೆ ಪುನಃ ಪುಸ್ತಕಕ್ಕೆ ಮರಳಿದನು. ಈಗ ಕಾಲೇಜಿನ ಗೇಟಿನಲ್ಲಿ ಶಾಲು ಹಾಕಿಸಿಕೊಂಡು ಕೂಗುವ ಹುಡುಗನ ಪರವಾಗಿ ಆರಿಸಿದವನು ಇನ್ನಾವನೋ. ಹಾಜರಿ ಕಡಿಮೆಯಾಗಿ, ಮೊಕದ್ದಮೆ ಬಿದ್ದು, ವರ್ಷ ಕಳೆದುಕೊಳ್ಳುವವನು ಮಾತ್ರ ತಾನು. ಪೂರ್ವಾಚಾರನಿಷ್ಠ ವಿದ್ಯಾರ್ಥಿಯ ಅಸಹ್ಯವು ಇದರ ಮೇಲೆ ಇರುವದಾದರೆ ಅದು ಸಂಪೂರ್ಣ ನ್ಯಾಯವು. ಕಾಲೇಜುಗಳಲ್ಲಿ ಹೊಡೆದಾಟಗಳು ಹೆಚ್ಚಿದುವೆಂದು 1989ರ ಸುಮಾರಿಗೆ ಕರ್ನಾಟಕದಲ್ಲಿ ವಿದ್ಯಾರ್ಥಿಸಂಘಗಳ ಚುನಾವಣೆಗಳನ್ನು ನಿಲ್ಲಿಸಿದರು. ಅದೇ 1989ರಲ್ಲಿ ಸಂವಿಧಾನದ 61ನೆಯ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು! ದೇಶದ ಪ್ರತಿನಿಧಿಯನ್ನು ಆರಿಸಲು ಯೋಗ್ಯನಾದವನು ತನ್ನ ತರಗತಿಯ ಪ್ರತಿನಿಧಿಯನ್ನು ಆರಿಸಲು ಅಯೋಗ್ಯನಾದನು. ಚುನಾವಣೆ ಹೋದರೂ ಪಕ್ಷಗಳು ಕಾಲೇಜನ್ನು ಬಿಟ್ಟು ಹೋಗಲಿಲ್ಲ.

ಸುಮ್ಮನೆ ಓದುವವನನ್ನು ರಾಜಕಾರಣವು ಸುಮ್ಮನೆ ಬಿಡುವದೇ? ಹತ್ತಿರದ ಉದಾಹರಣೆಯನ್ನೇ ನೋಡಬಹುದು. ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನನುಸರಿಸಿ 2021-22ರಲ್ಲಿ ಕರ್ನಾಟಕದಲ್ಲಿ 4 ವರ್ಷದ ಪದವಿಯು ಬಂದಿತು. ಸರಕಾರ ಬದಲಾಯಿತು, 2024ರಲ್ಲಿ ಪುನಃ 3 ವರ್ಷದ ಪದವಿಯಾಯಿತು. ಎರಡು ಕ್ರಮಗಳಲ್ಲಿ ಯಾವುದು ಹೆಚ್ಚಿನದೆಂಬ ವಾದವು ಬೇರೆ. ನಡುವೆ ಸೇರಿದ ಹುಡುಗನು, ಮನೆಯಲ್ಲಿ ಯಾವ ಖರ್ಚಿನ ಲೆಕ್ಕ ಹೇಳಬೇಕೆಂದು ತಿಳಿಯದೆ ನಿಂತನು. ಆತನು ಯಾವ ಮೆರವಣಿಗೆಯಲ್ಲಿಯೂ ಇರಲಿಲ್ಲ. ಅದರಂತೆ ಮಾತೃಭಾಷೆಯ ವಿಷಯ. ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷೆಯೇ ಮಾಧ್ಯಮವಾಗಿರಬೇಕೆಂಬ ಕರ್ನಾಟಕ ಸರಕಾರದ 1994ರ ನೀತಿಯನ್ನು, ಸರಕಾರವು ಹಾಗೆ ಕಡ್ಡಾಯ ಮಾಡುವಂತಿಲ್ಲವೆಂದು ಸುಪ್ರೀಮ್ ಕೋರ್ಟು 2014ರಲ್ಲಿ ತಳ್ಳಿಹಾಕಿತು. ನಿಜಾಮರ ಕಾಲದಲ್ಲಿ ಕನ್ನಡ ಶಾಲೆಗೆ ಅಪ್ಪಣೆಯಿರಲಿಲ್ಲವೆಂದು ದುಃಖಿಸಿದವರ ಮೊಮ್ಮಕ್ಕಳು ಈಗ ಯಾರ ಬಲವಂತವೂ ಇಲ್ಲದೆ ಇಂಗ್ಲಿಷ್ ಶಾಲೆಯ ಮೋಟಾರನ್ನು ಹತ್ತುತ್ತಿರುವರು. ಇದಕ್ಕೆ ಯಾವ ದರಬಾರನ್ನೂ ದೂರುವಂತಿಲ್ಲ. ಈ ಸಭೆಯಲ್ಲಿ ಕುಳಿತ ತಂದೆಗಳೂ ಸ್ವಲ್ಪ ಯೋಚಿಸಬೇಕು.

ಇನ್ನೊಂದು ಪಕ್ಕವೂ ಇದೆ. ಹಿಂದುಳಿದ ತಾಲೂಕುಗಳನ್ನು ಕುರಿತು ಡಾಕ್ಟರ ನಂಜುಂಡಪ್ಪನವರ ಸಮಿತಿಯು 2002ರಲ್ಲಿ ವರದಿ ಕೊಟ್ಟಾಗ, ಅತ್ಯಂತ ಹಿಂದುಳಿದವೆಂದು ಹೇಳಿದ 39 ತಾಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗದವು. ವೈಜನಾಥ ಪಾಟೀಲರೇ ಮೊದಲಾದವರು ಬಹುಕಾಲ ಹೋರಾಡಿದರು. 2012ರಲ್ಲಿ ಸಂವಿಧಾನಕ್ಕೆ 98ನೆಯ ತಿದ್ದುಪಡಿಯಾಗಿ 371(ಜೆ) ಕಲಮು ಸೇರಿತು. ಅದರ ಬಲದಿಂದ ಈ ಭಾಗದ ವಿದ್ಯಾಲಯಗಳಲ್ಲಿ ನೂರಕ್ಕೆ 70 ಜಾಗಗಳೂ, ರಾಜ್ಯಮಟ್ಟದ ವಿದ್ಯಾಲಯಗಳಲ್ಲಿ ನೂರಕ್ಕೆ 8 ಜಾಗಗಳೂ ಇಲ್ಲಿಯ ಮಕ್ಕಳಿಗೆ ಮೀಸಲಾದವು. ಸಿದ್ದಾಪುರದ ರೈತನ ಮಗನು ಇಂದು ವೈದ್ಯಕೀಯ ಕಾಲೇಜಿನ ಮೆಟ್ಟಲು ಹತ್ತಿದರೆ, ಆ ಮೆಟ್ಟಲನ್ನು ಕಟ್ಟಿದುದು ರಾಜಕಾರಣವೇ. ಆತನು ಅದನ್ನು ಹೊಲಸೆಂದು ಹಳಿಯುತ್ತ ಅದರ ಮೇಲೆಯೇ ಕಾಲಿಟ್ಟು ಹತ್ತುತ್ತಿರುವನು.

ಮಠಗಳು ಮಾಡಿದ ಉಪಕಾರವನ್ನು ಇಲ್ಲಿ ವಿಸ್ತರಿಸುವದು ಬೇಕಿಲ್ಲ. ಕೊಪ್ಪಳದ ಗವಿಮಠದ ಆಶ್ರಯದಲ್ಲಿ 1963ರಲ್ಲಿ ಕಾಲೇಜು ಹುಟ್ಟಿದುದನ್ನೂ, ಅನ್ನ ವಸತಿಗಳಿಂದ ಬಡ ಹುಡುಗರು ಓದಿದುದನ್ನೂ ಭಕ್ತರು ಚೆನ್ನಾಗಿ ಬಲ್ಲರು. ಆದರೆ ಪ್ರಸಾದನಿಲಯದಲ್ಲಿ ಊಟದ ಗಂಟೆ, ಪ್ರಾರ್ಥನೆಯ ಗಂಟೆಗಳಿದ್ದಂತೆ ಚರ್ಚೆಯ ಗಂಟೆಯೂ ಒಂದು ಇರಬೇಕು. 371(ಜೆ) ಎಂದರೇನು, ತಾಲೂಕಿನ ಶಾಲೆಗಳಿಗೆ ಬಂದ ಹಣವೆಷ್ಟು, ಶಿಕ್ಷಕರ ಖಾಲಿ ಜಾಗಗಳೆಷ್ಟು ಎಂಬುದನ್ನು ಹುಡುಗನು ಪಕ್ಷದ ಕರಪತ್ರದಿಂದ ತಿಳಿಯುವದಕ್ಕಿಂತ ಅಲ್ಲಿ ತಿಳಿಯುವದು ಲೇಸು. ಅಲ್ಲಿ ಎದುರು ಮಾತಾಡಿದವನನ್ನು ಗುರುದ್ರೋಹಿಯೆಂದು ಕರೆಯಬಾರದು. ಶರಣರು ಪ್ರಶ್ನೋತ್ತರದಿಂದಲೇ ತತ್ತ್ವವನ್ನು ಕಂಡವರು.

ಕಡೆಗೆ, ಆ ವಿದ್ಯಾರ್ಥಿಯು ಎಂದೂ ಎತ್ತದ ಒಂದು ಸಮಸ್ಯೆಯು ಉಳಿದಿದೆ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಅಕ್ಷರಸ್ಥರು ನೂರಕ್ಕೆ 68. ಗಂಡಸರಲ್ಲಿ 78, ಹೆಂಗಸರಲ್ಲಿ 57. ಈ ಇಪ್ಪತ್ತೊಂದರ ಅಂತರವು ಪೂರ್ವಾಚಾರವೆಂದು ಕಾಪಾಡತಕ್ಕ ವಸ್ತುವಲ್ಲ. ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ಸಿದ್ದಾಪುರದ ಸುತ್ತಲು ಭತ್ತದ ಗದ್ದೆಗಳು ಹಸಿರಾದವು, ಅಕ್ಕಿಯ ಗಿರಣಿಗಳೆದ್ದವು, ಆಂಧ್ರದಿಂದ ಬಂದ ಒಕ್ಕಲಿಗರ ಕ್ಯಾಂಪುಗಳು ನೆಲೆನಿಂತವು. ಸಂಪತ್ತು ಬಂದಿತು. ಆದರೆ ನಾಟಿಯ ದಿನಗಳು ಬಂದಾಗ ಬಡವರ ಮನೆಯ ಹೆಣ್ಣುಮಗಳು ತಾಯಿಯೊಡನೆ ಕೆಸರಿಗೆ ಇಳಿಯುವಳು, ಇಲ್ಲವೆ ತಮ್ಮನನ್ನು ಎತ್ತಿಕೊಂಡು ಮನೆ ಕಾಯುವಳು. ಶಾಲೆಯ ಹಾಜರಿಯಲ್ಲಿ ಅವಳ ಹೆಸರಿನ ಮುಂದೆ ಸೊನ್ನೆ ಬೀಳುವದು. ಆ ಗದ್ದೆಗಳ ಒಡೆಯರಲ್ಲಿ ಶ್ರೀಮಠದ ಭಕ್ತರು ಅನೇಕರಿದ್ದಾರೆ. ಮುಂದಿನ ಮುಂಗಾರಿನಲ್ಲಿ ಕಾಲುವೆಗೆ ನೀರು ಬಿಟ್ಟಾಗ, ಶಾಲೆಗೆ ಹೋಗುವ ವಯಸ್ಸಿನ ಮಕ್ಕಳನ್ನು ತಮ್ಮ ಗದ್ದೆಯಲ್ಲಿ ಕೆಲಸಕ್ಕೆ ಇಳಿಸುವದಿಲ್ಲವೆಂದು ಅವರು ಪೂಜ್ಯರ ಸನ್ನಿಧಿಯಲ್ಲಿ ಹೇಳುವದಾದರೆ, ಅದನ್ನು ಊರೂರಿಗೆ ಹೋಗಿ ನೋಡಿ ಬರುವ ಕೆಲಸವನ್ನು ಈ ಪ್ರಸಾದನಿಲಯದ ವಿದ್ಯಾರ್ಥಿಗಳಿಗೇ ಒಪ್ಪಿಸಬಹುದು.