ರೈಲು ಹೋದ ಮೇಲೆ ಉಳಿದ ಸ್ಟೇಷನ್

(ಸಂಘದ ಬೆಳ್ಳಿಹಬ್ಬ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಸಹಕಾರ ತತ್ತ್ವದ ಬಗ್ಗೆ ತಿಳಿದವರು ಆಗಲೇ ಮಾತನಾಡಿದ್ದಾರೆ. ನಮಗೆ ಕೊಟ್ಟಿರುವ ಹತ್ತು ನಿಮಿಷದಲ್ಲಿ ಒಂದು ರೈಲ್ವೆ ಸ್ಟೇಷನ್ನಿನ ವಿಷಯ ಹೇಳುತ್ತೇವೆ. ಸಂಘದ ಸಭೆಯಲ್ಲಿ ಸ್ಟೇಷನ್ ಯಾಕಪ್ಪಾ ಅಂತ ಅನ್ನಿಸಬಹುದು. ನಮ್ಮ ಹಳೇ ಗೋದಾಮು ಕೆಡವಬೇಕೋ ಬೇಡವೋ ಅಂತ ಚರ್ಚೆ ನಡೆದಿದೆಯಲ್ಲ, ಅದಕ್ಕೇ.

ಶಿವಮೊಗ್ಗದಿಂದ ಹೊರಟ ಮೀಟರ್ ಗೇಜ್ ಹಳಿ 1940ರಲ್ಲಿ ತಾಳಗುಪ್ಪ ಮುಟ್ಟಿತು. ಆ ದಾರಿಯಲ್ಲಿ ಹೊಸನಗರ ತಾಲ್ಲೂಕಿನ ಅರಸಾಳು ಒಂದು ಪುಟ್ಟ ಸ್ಟೇಷನ್. ನಮ್ಮ ಸಂಘ ಶುರುವಾದ ವರ್ಷಗಳಲ್ಲಿ ಅಲ್ಲಿ ರೈಲ್ ಬಸ್ಸು ಓಡುತ್ತಿತ್ತು. ನಿಧಾನ ಅಂತ ಬೈದುಕೊಂಡೇ ಬಾಳೆಗೊನೆ ಇಟ್ಟುಕೊಂಡು ಹತ್ತಿದವರು ಇಲ್ಲೇ ಕೂತಿದ್ದೀರಿ. ಆಮೇಲೆ ಬ್ರಾಡ್‌ಗೇಜ್ ಕೆಲಸಕ್ಕೆ ಹಳಿ ಕಿತ್ತರು. 2011ರ ಹೊತ್ತಿಗೆ ದೊಡ್ಡ ರೈಲು ಬಂತು, ಹೊಸ ಕಟ್ಟಡವೂ ಬಂತು. ಹಳೇ ಕಟ್ಟಡ ಪಾಳು ಬಿತ್ತು.

ಅದನ್ನು ಉಳಿಸಿದ್ದು ಒಂದು ಧಾರಾವಾಹಿ. 1980ರ ದಶಕದಲ್ಲಿ ಶಂಕರ್‌ನಾಗ್ ಆರ್.ಕೆ. ನಾರಾಯಣರ ಕಥೆಗಳನ್ನು ‘ಮಾಲ್ಗುಡಿ ಡೇಸ್’ ಮಾಡಿದಾಗ ಅರಸಾಳೇ ಮಾಲ್ಗುಡಿ ಸ್ಟೇಷನ್ ಆಗಿತ್ತು. ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಕಟ್ಟಡದ ದುರಸ್ತಿಗೂ ಕೈಹಾಕಿದರು. 2020ರಲ್ಲಿ ಅದು ಮಾಲ್ಗುಡಿ ಮ್ಯೂಸಿಯಂ ಆಯಿತು. ಇಲ್ಲದ ಊರಿನ ಹೆಸರು ಇರುವ ಊರಿನ ಗೋಡೆ ಉಳಿಸಿತು ನೋಡಿ! ನಮಗೆ ಇದು ಸಂತೋಷವೇ. ಆದರೆ ಅಲ್ಲಿ ಫೋಟೋ ತೆಗೆಸಿಕೊಳ್ಳುವವರು ಸ್ವಾಮಿಯನ್ನು ಹುಡುಕುತ್ತಾರೆ, ಬಾಳೆಗೊನೆಯವನನ್ನಲ್ಲ.

ಚಿತ್ರ ಬರೆಯುವವರಿಗೆ, ಸಿನಿಮಾದವರಿಗೆ ಬಿಟ್ಟುಹೋದ ಹಳಿ ಅಂದರೆ ಯಾಕಿಷ್ಟು ಪ್ರೀತಿ? ನಮಗೆ ತೋಚುವುದು ಇಷ್ಟು. ಬಸ್ಸು ನಿಂತುಹೋದರೆ ಗುರುತೇ ಇರುವುದಿಲ್ಲ, ಮರದ ಬುಡ ಮರದ ಬುಡವಾಗಿಯೇ ಇರುತ್ತೆ. ರೈಲಿನವರು ಮಾತ್ರ ಎಂದೆಂದಿಗೂ ಇರ್ತೀವಿ ಅನ್ನೋ ಹಾಗೆ ಪ್ಲಾಟ್‌ಫಾರಂ, ಟಿಕೆಟ್ ಕಿಂಡಿ, ಬೆಂಚು ಎಲ್ಲಾ ಕಟ್ಟುತ್ತಾರೆ. ಹಾಗಾಗಿ ಜನ ಇಲ್ಲದಿರುವುದು ಅಲ್ಲಿ ಕಣ್ಣಿಗೆ ಹೊಡೆಯುತ್ತದೆ. ಊರು ಖಾಲಿಯಾಗುವುದು ಬೇರೆ ಕಡೆ ಹೀಗೆ ಕಾಣುವುದಿಲ್ಲ. ಒಂದು ವರ್ಷ ಶಾಲೆಯಲ್ಲಿ ನಾಲ್ಕು ಮಕ್ಕಳು ಕಮ್ಮಿ, ಇನ್ನೊಂದು ವರ್ಷ ಎರಡು ಮನೆಗೆ ಬೀಗ, ಅಷ್ಟೇ.

ಹಾಗಂತ ರೈಲು ಇದ್ದರೆ ಊರು ಉಳಿಯುತ್ತೆ ಅಂತಲೂ ಅಲ್ಲ. ಸತ್ಯಜಿತ್ ರಾಯ್ ಅವರ 1955ರ ‘ಪಥೇರ್ ಪಾಂಚಾಲಿ’ಯಲ್ಲಿ ಅಕ್ಕ ತಮ್ಮ ರೈಲು ನೋಡೋಕೆ ಓಡುತ್ತಾರೆ. ಕೊನೆಗೆ ಆ ಸಂಸಾರ ಊರು ಬಿಡುವುದು ಎತ್ತಿನ ಗಾಡಿಯಲ್ಲಿ. ನಮ್ಮ ಕಡೆಯೂ 1964ರ ಲಿಂಗನಮಕ್ಕಿ ನೀರು ಸಾಗರ, ಹೊಸನಗರದ ಹಳ್ಳಿಗಳನ್ನು ನುಂಗಿದಾಗ ಹಳಿ ಇತ್ತು, ರೈಲೂ ಓಡುತ್ತಿತ್ತು.

ಈಗ ಗೋದಾಮಿನ ವಿಷಯ. ನಮ್ಮ ಗೋದಾಮಿನಲ್ಲಿ ಯಾರೂ ಧಾರಾವಾಹಿ ತೆಗೆದಿಲ್ಲ, ತೆಗೆಯುವುದೂ ಇಲ್ಲ. ಅದಕ್ಕೆ ಇರುವವರು ನಾವೇ. ಗೊಬ್ಬರದ ಚೀಲ ತೂಗಿದ ತಕ್ಕಡಿ, ಮೊದಲ ವರ್ಷದ ಸಾಲದ ಪುಸ್ತಕ, ಹೆಬ್ಬೆಟ್ಟು ಒತ್ತಿದ ಹಾಳೆಗಳು ಗೆದ್ದಲಿನ ಬಾಯಲ್ಲಿವೆ. ಕೆಡವುವುದೇ ಆದರೆ ಕೆಡವಿ, ನಮ್ಮದು ಹಠವಿಲ್ಲ. ಮೊದಲು ಅವನ್ನು ಹೊರಗೆ ತೆಗೆಯೋಣ, ಯಾರ ಹೆಬ್ಬೆಟ್ಟು ಯಾವುದು ಅಂತ ಹಿರಿಯರಿಂದ ಬರೆಸಿಕೊಳ್ಳೋಣ. ಬೀಗದ ಕೈ ಕಾರ್ಯದರ್ಶಿಗಳ ಹತ್ತಿರ ಇದೆ. ಊಟ ಆದ ಮೇಲೆ ಆಸಕ್ತಿ ಇರುವವರು ಬನ್ನಿ, ಒಂದ್ಸಲ ತೆಗೆದು ನೋಡೋಣ.