ಲಾರಿ ಮಿಸ್ಸಿಂಗ್ ಹೊಡೀತಿದೆಯಾ? ಇಂಜಿನ್ ಇಳಿಸೋ ಮೊದಲು ಇದನ್ನ ಕೇಳಿ

ಇವತ್ತೂ ದುಡ್ಡಿನ ವಿಷಯಾನೇ. ಆದ್ರೆ ಶೇರು, ಮ್ಯೂಚುವಲ್ ಫಂಡ್ ಅಲ್ಲ, ಲಾರಿ.

ನಮ್ಮ ಚಿಕ್ಕಪ್ಪನ ಹತ್ರ ಒಂದು ಹಳೇ ಆರು ಸಿಲಿಂಡರ್ ಡೀಸೆಲ್ ಲಾರಿ ಇದೆ. ಹಾವೇರಿ ಕಡೆಯಿಂದ ಮೆಕ್ಕೆಜೋಳ ಹೊಡೆಯೋದು ಅದರ ಕೆಲಸ. ಹೋದ ಸೀಸನ್‌ನಲ್ಲಿ ಮಿಸ್ಸಿಂಗ್ ಶುರುವಾಯ್ತು. ನಿಂತಲ್ಲೇ ಗಡಗಡ ನಡುಗೋದು, ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಬಿಳಿ ಹೊಗೆ, ಏರು ಬಂದ್ರೆ ಎಳೆಯೋದೇ ಇಲ್ಲ. ಒಂದು ಗ್ಯಾರೇಜ್‌ನಲ್ಲಿ ಶಬ್ದ ಕೇಳಿದವರೇ, "ಇಂಜಿನ್ ಇಳಿಸ್ಬೇಕು, ಬೋರ್ ಕೆಲಸ, ಲಕ್ಷದ ಮೇಲಾಗುತ್ತೆ" ಅಂದ್ರು. ಲೋನಿನ ಹದಿನಾಲ್ಕು ಕಂತು ಇನ್ನೂ ಬಾಕಿ. ಚಿಕ್ಕಪ್ಪ ಗಾಡಿ ಮಾರೋ ಮಾತಿಗೇ ಬಂದ್ರು.

ನಾನು ಬಿ.ಕಾಂ. ಓದಿದವನು, ಸ್ಪ್ಯಾನರ್ ಹಿಡಿದವನಲ್ಲ. ಆದ್ರೂ ಕೇಳ್ದೆ, "ಚಿಕ್ಕಪ್ಪ, ಆರರಲ್ಲಿ ಯಾವ ಸಿಲಿಂಡರ್ ಕೆಲಸ ಮಾಡ್ತಿಲ್ಲ ಅಂತ ಅವರು ಹೇಳಿದ್ರಾ?" ಹೇಳಿರಲಿಲ್ಲ.

ಪರಿಚಯದ ಒಬ್ಬ ಹಿರಿಯ ಮೇಸ್ತ್ರಿ ಹತ್ರ ಹೋದ್ವಿ. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇರಲ್ಲ. ಗಾಳಿ ಒತ್ತಿ ಒತ್ತಿ ಕಾಯುತ್ತೆ, ಆ ಬಿಸಿಗೆ ಡೀಸೆಲ್ ಹತ್ತಿಕೊಳ್ಳುತ್ತೆ. ಅಂದ್ರೆ ಮಿಸ್ಸಿಂಗ್‌ಗೆ ಮುಖ್ಯವಾಗಿ ಎರಡೇ ದಾರಿ: ಡೀಸೆಲ್ ಸರಿಯಾಗಿ ಬರ್ತಿಲ್ಲ, ಇಲ್ಲಾ ಕಂಪ್ರೆಷನ್ ಇಲ್ಲ.

ಮೇಸ್ತ್ರಿ ಮೊದಲು ಅಗ್ಗದ ಕೆಲಸ ಮುಗಿಸಿದ್ರು. ಡೀಸೆಲ್ ಫಿಲ್ಟರ್ ಬದಲಾಯಿಸಿ, ಕೈ ಪಂಪು ಒತ್ತಿ ಏರ್ ತೆಗೆದ್ರು. ಮಿಸ್ಸಿಂಗ್ ಹೋಗ್ಲಿಲ್ಲ. ಆಮೇಲೆ ಗಾಡಿ ಐಡ್ಲಿಂಗ್‌ನಲ್ಲಿ ಬಿಟ್ಟು, ನಾಝಲ್‌ಗೆ ಹೋಗೋ ಪೈಪ್‌ನ ನಟ್ ಒಂದೊಂದಾಗಿ ಸ್ವಲ್ಪ ಸಡಿಲ ಮಾಡಿ, ಮತ್ತೆ ಬಿಗಿ ಮಾಡ್ತಾ ಹೋದ್ರು. ಒಂದನೇದು ಸಡಿಲಿಸಿದಾಗ ಇಂಜಿನ್ ಶಬ್ದ ಕುಸೀತು. ಅಂದ್ರೆ ಅದು ದುಡೀತಿತ್ತು. ಎರಡು, ಮೂರು, ಹಾಗೇ. ನಾಲ್ಕನೇದಕ್ಕೆ ಏನೂ ವ್ಯತ್ಯಾಸ ಇಲ್ಲ! ಸಿಕ್ಕಿಬಿದ್ದ ಕಳ್ಳ. ಪೈಪ್‌ನಿಂದ ಡೀಸೆಲ್ ಮಾತ್ರ ಚಿಮ್ಮುತ್ತಿತ್ತು, ಅಂದ್ರೆ ಪಂಪ್ ಕಳಿಸ್ತಾ ಇದೆ.

ಮುಂದಿನ ಹೆಜ್ಜೆ ನನಗೆ ತುಂಬಾ ಇಷ್ಟ ಆಯ್ತು. ಮೂರು, ನಾಲ್ಕರ ನಾಝಲ್ ಅದಲು ಬದಲು, ಜೊತೆಗೆ ಹೊಸ ತಾಮ್ರದ ವಾಷರ್. ಮತ್ತೆ ಅದೇ ಪರೀಕ್ಷೆ. ಈಗ ನಾಲ್ಕು ದುಡೀತಿದೆ, ಮೂರು ಸತ್ತಿದೆ! ರೋಗ ನಾಝಲ್ ಜೊತೆಗೇ ಹೋಯ್ತು. ನಾಲ್ಕರಲ್ಲೇ ಉಳಿದಿದ್ರೆ ಟಪೆಟ್ ಗ್ಯಾಪ್, ವಾಲ್ವ್, ರಿಂಗ್, ಹೆಡ್ ಗ್ಯಾಸ್ಕೆಟ್ ನೋಡ್ಬೇಕಿತ್ತು. ಆಗ ಮಾತ್ರ ದೊಡ್ಡ ಖರ್ಚಿನ ಮಾತು. ಪಂಪ್ ಅಂಗಡಿಯಲ್ಲಿ ನಾಝಲ್ ಪರೀಕ್ಷೆ ಮಾಡಿದ್ರೆ, ಮಂಜಿನ ಥರ ಹರಡಬೇಕಾದ ಡೀಸೆಲ್ ತೊಟ್ಟಿಕ್ಕುತ್ತಿತ್ತು. ನಾಝಲ್ ಬದಲಾಯಿಸಿದ್ವಿ, ಆ ವಾರವೇ ಲೋಡ್ ಹೊರಡ್ತು.

ಒಂದು ಎಚ್ಚರಿಕೆ. ಇದನ್ನ ನೀವೇ ಮಾಡೋಕೆ ಹೋಗ್ಬೇಡಿ. ಹಳೇ ನಾಝಲ್ ತೆರೆಯೋ ಒತ್ತಡವೇ ಸುಮಾರು 200 ಬಾರ್, ಕಾರಿನ ಟೈರ್ ಗಾಳಿಯ ಹತ್ತಿರ ಹತ್ತಿರ ನೂರು ಪಟ್ಟು. ಆ ಧಾರೆ ಚರ್ಮ ತೂರಿ ಒಳಗೆ ಹೋಗುತ್ತೆ. ಕಾಮನ್ ರೈಲ್ ಇರೋ ಹೊಸ ಗಾಡಿಗಳಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತೆ. ಅಲ್ಲಿ ಮೇಸ್ತ್ರಿನೂ ನಟ್ ಮುಟ್ಟಬಾರದು, ಸ್ಕ್ಯಾನರ್ರೇ ಗತಿ.

ನೀವು ಮಾಡ್ಬೇಕಾದ್ದು ಇಷ್ಟೇ. "ಎಷ್ಟಾಗುತ್ತೆ?" ಅನ್ನೋ ಮೊದಲು, "ಯಾವ ಸಿಲಿಂಡರ್, ಹೇಗೆ ಗೊತ್ತಾಯ್ತು?" ಅಂತ ಕೇಳಿ. ಮನೇಲಿ ಲಾರಿ ಇರೋ ಫ್ರೆಂಡ್ ಇದ್ರೆ ಈ ಎಪಿಸೋಡ್ ಕಳಿಸಿ. ಮುಂದಿನ ವಾರ ಸಿಗೋಣ.